ಆ ಕೆಮ್ಮಿನ ವಿಷಯ

ಪ್ರೀತಿಯ ಅಣ್ಣನಿಗೆ,

ನಮಸ್ಕಾರ. ನಾನು ಇಲ್ಲಿ ಕ್ಷೇಮ. ಮೊನ್ನೆ ಫೋನಿನಲ್ಲಿ ಮಾತಾಡುವಾಗ ನೀನು ಮೂರು ಸಲ ಕೆಮ್ಮಿದೆ. ಕೇಳಿದರೆ "ಧೂಳು ಕಣೋ, ಇದ್ದದ್ದೇ" ಅಂದೆ. ಫೋನಿನಲ್ಲಾದರೆ ಮಾತು ಮರೆಸಿಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ಕಲ್ಲು, ಟೈಲ್ಸ್ ಕೊಯ್ಯುವವರಿಗೆ ಒಂದು ದಿನ ತರಬೇತಿ ಇತ್ತು. ಸುಮ್ನೆ ಕೂತು ಬರೋಣ ಅಂತ ಹೋದೆ. ಬಂದಮೇಲೆ ನಿದ್ದೆ ಬರಲಿಲ್ಲ. ಕಣ್ಣಿಗೆ ಕಾಣುವ ಧೂಳಿಗಿಂತ ಕಾಣದ್ದೇ ಕೆಟ್ಟದ್ದಂತೆ. ಗ್ರಾನೈಟ್ ಕೊಯ್ದಾಗ ಏಳುವ ಸಿಲಿಕಾ (ಕಲ್ಲಿನಲ್ಲೇ ಇರುವ ಖನಿಜ) ಪುಡಿ 5 ಮೈಕ್ರಾನಿಗಿಂತ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಸಣ್ಣದಿದ್ದರೆ ಶ್ವಾಸಕೋಶದ ತಳಕ್ಕೇ ಇಳಿಯುತ್ತದೆ. ಅಲ್ಲಿ ಕಟ್ಟಿದ ಗಾಯದ ಕಲೆ ಮತ್ತೆ ಹೋಗುವುದಿಲ್ಲ. ಕೆಲಸ ಬಿಟ್ಟಮೇಲೂ ಕಾಯಿಲೆ ಬೆಳೆಯಬಹುದು. ಅದಿದ್ದವರಿಗೆ ಟಿಬಿ ಹಿಡಿಯುವ ಭಯವೂ ಜಾಸ್ತಿ. ಬಾಯಿಗೆ ಟವೆಲ್ ಕಟ್ಟಿದರೆ ಆ ಪುಡಿ ನಿಲ್ಲುವುದಿಲ್ಲ ಅಣ್ಣಾ. ನಾವಿಬ್ಬರೂ ಇಷ್ಟು ವರ್ಷ ಕಟ್ಟಿದ್ದು ಅದನ್ನೇ ಅಲ್ವಾ! ಬ್ಲೇಡಿಗೆ ನೀರು ಬಿಟ್ಟೇ ಕೊಯ್ಯಬೇಕು. ಕೆಸರಾಗುತ್ತದೆ, ಕೆಲಸ ನಿಧಾನವಾಗುತ್ತದೆ ಅಂತ ಗೊಣಗುತ್ತೀಯ. ಆಗಲಿ ಬಿಡು.

ನನ್ನದೂ ಒಂದಿದೆ, ಮನೆಯಲ್ಲಿ ಹೇಳಿರಲಿಲ್ಲ. ಚಳಿಯಾದರೆ ಎಡಗೈಯ ಎರಡು ಬೆರಳು ಸುಣ್ಣದ ಹಾಗೆ ಬೆಳ್ಳಗಾಗಿ ಜೋಮು ಹಿಡಿಯುತ್ತವೆ. ವಯಸ್ಸಾಯಿತು ಅಂದುಕೊಂಡಿದ್ದೆ. ಅಲ್ಲವಂತೆ, ಕಲ್ಲು ಕೊಯ್ಯುವ ಗ್ರೈಂಡರ್ ನಡುಗಿ ನಡುಗಿ ಬೆರಳಿನ ರಕ್ತನಾಳ, ನರ ಕೆಟ್ಟಿವೆ. ಇದಕ್ಕೂ ಮುಂಚೆ ಎರಡು ಕಡೆ ತೋರಿಸಿದ್ದೆ. ಹೆಸರು, ವಯಸ್ಸು, ಸಕ್ಕರೆ ಕಾಯಿಲೆ ಎಲ್ಲ ಕೇಳಿದರು. ಏನು ಕೆಲಸ ಅಂತ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ, ತಪ್ಪು ನನ್ನದೂ ಇದೆ. ಇಟಲಿಯ ವೈದ್ಯ ಬೆರ್ನಾರ್ಡಿನೊ ರಾಮಜ್ಜಿನಿ 1700ರಲ್ಲೇ ಬರೆದಿದ್ದರಂತೆ, ರೋಗಿಯನ್ನು "ನಿನ್ನ ಕಸುಬು ಏನು" ಅಂತಲೂ ಕೇಳಿ ಎಂದು. ಮುನ್ನೂರು ವರ್ಷ ದಾಟಿತು ನೋಡು.

ನಿನ್ನ ಮಂಡಿ, ಸೊಂಟದ ಮಾತು ಇನ್ನೊಮ್ಮೆ ಆಡೋಣ. ಹುಡುಗರ ಮುಂದೆ ಚಪ್ಪಡಿ ಎತ್ತಿ ತೋರಿಸುವುದನ್ನು ಮಾತ್ರ ಇವತ್ತೇ ಬಿಡು.

ಈ ವಾರವೇ ಡಾಕ್ಟರ ಹತ್ತಿರ ಹೋಗು. ಕೆಮ್ಮು ಅಂತ ಹೇಳಿ ಸುಮ್ಮನಾಗಬೇಡ. ಎಷ್ಟು ವರ್ಷ ಕಲ್ಲು ಕೊಯ್ದೆ, ನೀರಿಲ್ಲದೆ ಕೊಯ್ದೆ ಅನ್ನುವುದನ್ನೂ ಹೇಳು. ಎದೆಯ ಎಕ್ಸ್‌ರೇ, ಊದಿಸಿ ನೋಡುವ ಉಸಿರಿನ ಪರೀಕ್ಷೆ, ಕಫದ ಪರೀಕ್ಷೆ ಬೇಕಾ ಅಂತ ಕೇಳು. ಅತ್ತಿಗೆಯನ್ನೂ ಕರೆದುಕೊಂಡು ಹೋಗು. ಒಬ್ಬನೇ ಹೋದರೆ ನೆಗಡಿ ಅಂತ ಹೇಳಿ ಎದ್ದು ಬಂದುಬಿಡುತ್ತೀಯ.

ಇಂತಿ ನಿನ್ನ ತಮ್ಮ