ಬಾಲ್ಕನಿಯಲ್ಲೊಂದು ಬಾಣಂತನ

ರಜೆಗೆಂದು ಬೆಂಗಳೂರಿಗೆ ಹೊರಟಿರುವ ಸದಸ್ಯರಲ್ಲಿ ಒಂದು ವಿನಂತಿ. ಅಪ್ಪ-ಅಮ್ಮನ ಫ್ಲ್ಯಾಟಿನ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ತಂತಿಗೋ ಹಳೇ ಕೇಬಲ್ಲಿಗೋ ಕಸದ ಉಂಡೆಯಂಥದ್ದು ನೇತಾಡುತ್ತಿದ್ದರೆ ಕಿತ್ತೆಸೆಯಬೇಡಿ. ಅದು ಹೂವಿನ ಮಕರಂದ ಹೀರುವ ಪುಟ್ಟ ಹಕ್ಕಿ ಸೂರಕ್ಕಿಯ (ಸನ್‌ಬರ್ಡ್) ಗೂಡಿರಬಹುದು.

ಕಟ್ಟುವ ಕೆಲಸ ಹೆಣ್ಣಿನದೇ. ಜೇಡರಬಲೆಯ ಎಳೆಗಳನ್ನು ತಂತಿಗೆ ಸುತ್ತಿ ಮೊದಲು ಹಿಡಿತ ಮಾಡಿಕೊಳ್ಳುತ್ತದೆ. ಆಮೇಲೆ ನಾರು, ಒಣ ಎಲೆಚೂರು, ತೊಗಟೆ, ಕಂಬಳಿಹುಳದ ಹಿಕ್ಕೆಯನ್ನೂ ಅಂಟಿಸುತ್ತ ಕೆಳಕ್ಕೆ ಇಳಿಬಿಡುತ್ತದೆ. ಜೊಂಪೆ ದಪ್ಪಗಾದ ಮೇಲೆ ನಡುವೆ ತೂರಿಕೊಂಡು, ಮೈಯಿಂದ ಒತ್ತಿ ಒತ್ತಿ ಪೊಳ್ಳು ಮಾಡುತ್ತದೆ. ಬಾಗಿಲು ಪಕ್ಕಕ್ಕೆ, ಅದರ ಮೇಲೊಂದು ಪುಟ್ಟ ಸೂರು, ಒಳಗೆ ಹತ್ತಿಯಂಥ ಮೆತ್ತನೆ ಹಾಸು. ಅಂಟೂ ದಾರವೂ ಜೇಡರಬಲೆಯೇ. ಮೂಲೆಮೂಲೆಯ ಬಲೆಯನ್ನು ದಿನಾ ಗುಡಿಸುವ ಅಚ್ಚುಕಟ್ಟಿನ ಮನೆಯವರು ಇದನ್ನು ಗಮನಿಸಬೇಕು!

ಸಾಮಾನ್ಯವಾಗಿ 2 ಮೊಟ್ಟೆ. ಕಾವು ಸುಮಾರು 15 ದಿನ, ಮರಿ ಹಾರಲು ಮತ್ತೆ ಅಷ್ಟೇ ಅಥವಾ ಎರಡು ದಿನ ಹೆಚ್ಚು. ಕಾವು ಕೊಡುವಾಗ ತಾಯಿ ಹೊಟ್ಟೆಪಾಡಿಗೆ ಆಗಾಗ ಹೊರಗೆ ಹೋಗುತ್ತದೆ. ಗೂಡು ಖಾಲಿ ಕಂಡಿತೆಂದು ತೆಗೆದುಬಿಡುವವರು ಎಡವುವುದು ಇಲ್ಲಿಯೇ. ದೊಡ್ಡವು ಮಕರಂದ ಹೀರಿದರೂ ಮರಿಗೆ ಬೇಕಾದದ್ದು ಸಣ್ಣ ಹುಳು, ಜೇಡ. ಆ ದಿನಗಳಲ್ಲಿ ಕುಂಡಗಳಿಗೆ ಕೀಟನಾಶಕ ಹೊಡೆದರೆ ಊಟವೂ ಹೋಯಿತು, ವಿಷವೂ ಸೇರಿತು. ಉಣಿಸುವುದರಲ್ಲಿ ಗಂಡೂ ಕೈಜೋಡಿಸುತ್ತದೆ. ಮರಿಯ ಹಿಕ್ಕೆ ಬಿಳಿ ಪೊರೆಯ ಪುಟ್ಟ ಚೀಲದಲ್ಲಿ ಬರುವುದರಿಂದ ಅದನ್ನು ಕೊಕ್ಕಿನಲ್ಲಿ ಹಿಡಿದು ದೂರ ಒಯ್ದು ಬಿಸಾಡುತ್ತವೆ.

ಗೂಡನ್ನು ಪಕ್ಕದ ಮೂಲೆಗೆ ಕೂಡ ಸರಿಸಬೇಡಿ. ಅವು ಮರಳುವುದು ಜಾಗಕ್ಕೆ. ಮೊಮ್ಮಕ್ಕಳಿಗೆ ವಿಡಿಯೋ ತೋರಿಸಬೇಕಿದ್ದರೆ ಕಿಟಕಿಯ ಗಾಜಿನ ಹಿಂದಿನಿಂದ. ಹತ್ತಿರ ಹೋಗಿ ಇಣುಕುತ್ತಿದ್ದರೆ ಕಾಗೆ, ಕೆಂಬೂತಗಳಿಗೆ ನೀವೇ ದಾರಿ ತೋರಿದಂತೆ. ಕೊನೆಯ ದಿನಗಳಲ್ಲಂತೂ ಮರಿ ಬೆದರಿ ಹೊತ್ತಿಗೆ ಮುಂಚೆಯೇ ಜಿಗಿದುಬಿಡುತ್ತದೆ.

ಕುಂಡದ ಗಿಡದಲ್ಲಿ ಗೂಡು ಕಟ್ಟುವ ಪಿಕಳಾರದ (ಬುಲ್‌ಬುಲ್ ಹಕ್ಕಿ) ಕತೆ ಬೇರೆ. ಅದರ ಮರಿಗಳು ಬಾಲ ಬೆಳೆಯುವ ಮುನ್ನವೇ, ಸುಮಾರು 12 ದಿನಕ್ಕೆ, ಗೂಡು ಬಿಡುತ್ತವೆ. ನೆಲದ ಮೇಲೆ ಕುಪ್ಪಳಿಸುತ್ತಿದ್ದರೆ ಗಾಯವಾಗಿದೆ ಎಂದಲ್ಲ. ಎತ್ತಿ ಹತ್ತಿರದ ಪೊದೆಯಲ್ಲಿ ಕೂರಿಸಿ. ಮನುಷ್ಯರು ಮುಟ್ಟಿದರೆ ತಾಯಿ ಬಿಡುತ್ತದೆ ಎಂಬುದು ಸುಳ್ಳು. ಬಾಯಿಗೆ ಹಾಲು, ನೀರು ಹನಿಸಬೇಡಿ, ಶ್ವಾಸನಾಳಕ್ಕೆ ಇಳಿಯುತ್ತದೆ. ಬೆಕ್ಕು ಕಚ್ಚಿದ ಮರಿಯನ್ನು ಮಾತ್ರ ಬಟ್ಟೆ ಹಾಸಿ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಅಂದೇ ಕೆಂಗೇರಿಯ ವನ್ಯಜೀವಿ ಆಸ್ಪತ್ರೆಗೆ ಮುಟ್ಟಿಸಿ. ಹಲ್ಲು ನಾಟಿದ ಗಾಯ ಸಣ್ಣದಾಗಿ ಕಂಡರೂ ನಂಜು ಬೇಗ ಏರುತ್ತದೆ.