ಬೆಂಚಿನಲ್ಲಿ ಕೂತು ಕಲಿತ ಕೋಚ್

ಮಾನ್ಯರೇ,

ದೊಡ್ಡ ಆಟಗಾರನೇ ಒಳ್ಳೆಯ ಕೋಚ್ ಆಗುತ್ತಾನೆ ಎಂಬ ಮಾತು ಕೇಳಿದಾಗೆಲ್ಲ ನನಗೆ ಅಮೆರಿಕದ ಬ್ಯಾಸ್ಕೆಟ್‌ಬಾಲ್‌ನ ಸ್ಟೀವ್ ಕೆರ್ ನೆನಪಾಗುತ್ತಾರೆ. 1988ರಲ್ಲಿ ಅಲ್ಲಿನ ವೃತ್ತಿಪರ ಲೀಗ್ ಎನ್‌ಬಿಎಯ ತಂಡಗಳು ಹೊಸಬರನ್ನು ಆರಿಸಿಕೊಂಡಾಗ ಇವರ ಸರದಿ ಬಂದದ್ದು 50ನೆಯದಾಗಿ. 15 ಸೀಸನ್ ಆಡಿದರೂ ಜಾಸ್ತಿ ಹೊತ್ತು ಕಳೆದದ್ದು ಬೆಂಚಿನಲ್ಲೇ. ಪಂದ್ಯಕ್ಕೆ ಸರಾಸರಿ 6 ಪಾಯಿಂಟ್, ಅಷ್ಟೇ.

ಆದರೆ ದೂರದಿಂದ ಎಸೆಯುವ ಮೂರು ಪಾಯಿಂಟಿನ ಎಸೆತದಲ್ಲಿ ಶೇ 45.4ರಷ್ಟು ಗುರಿ ಮುಟ್ಟಿಸಿದವರು. ಅದು ಎನ್‌ಬಿಎ ದಾಖಲೆ! 1997ರ ಫೈನಲ್‌ನ ಆರನೇ ಪಂದ್ಯ ನೋಡಿ. ಸ್ಕೋರ್ 86-86. ಎದುರಾಳಿ ಯೂಟಾ ಜಾಜ್ ತಂಡದವರ ಕಣ್ಣೆಲ್ಲ ಕೆರ್ ತಂಡದ ತಾರೆ ಮೈಕಲ್ ಜೋರ್ಡನ್ ಮೇಲೆ. ಜೋರ್ಡನ್ ಸುಮ್ನೆ ಚೆಂಡನ್ನು ಕೆರ್‌ಗೆ ದಾಟಿಸಿದರು. ಕೆರ್ ಎಸೆದರು, ಚೆಂಡು ಬುಟ್ಟಿಗೆ ಬಿತ್ತು, ಶಿಕಾಗೊ ಬುಲ್ಸ್‌ಗೆ ಪ್ರಶಸ್ತಿ ಬಂತು. ಆಟಗಾರನಾಗಿ ಅವರಿಗೆ ಸಿಕ್ಕ ಪ್ರಶಸ್ತಿಗಳು ಒಟ್ಟು ಐದು.

2014ರಲ್ಲಿ ಎನ್‌ಬಿಎಯ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡದ ಕೋಚ್ ಆದಾಗ ಅವರಿಗೆ ತರಬೇತಿ ನೀಡಿದ ಅನುಭವವೇ ಇರಲಿಲ್ಲ. ಮೊದಲ ಸೀಸನ್‌ನಲ್ಲೇ ತಂಡ ಗೆದ್ದಿತು. ಮರುವರ್ಷ ಲೀಗ್ ಹಂತದ 82 ಪಂದ್ಯಗಳಲ್ಲಿ 73 ಗೆಲುವು. ಹೀಗೆ ನಾಲ್ಕು ಪ್ರಶಸ್ತಿ, 2024ರಲ್ಲಿ ಅಮೆರಿಕ ತಂಡದ ಕೋಚ್ ಆಗಿ ಪ್ಯಾರಿಸ್ ಒಲಿಂಪಿಕ್ಸ್ ಚಿನ್ನ ಬೇರೆ. ಆಡುವ ದಿನಗಳಲ್ಲಿ ಫಿಲ್ ಜಾಕ್ಸನ್, ಗ್ರೆಗ್ ಪೊಪೊವಿಚ್ ಅಂಥ ಕೋಚ್‌ಗಳ ಪಕ್ಕದಲ್ಲೇ ಕೂತು ಆಟ ನೋಡಿದ್ದು ಸುಮ್ಮನೆ ಹೋಗಲಿಲ್ಲ ಅಲ್ವಾ?

ನಮ್ಮ ಕ್ರೀಡಾಪುಟಗಳಲ್ಲೂ ಇಂಥ ಬೆಂಚಿನವರಿಗೆ ಆಗಾಗ ನಾಲ್ಕು ಸಾಲು ಜಾಗ ಕೊಡಿ.

– ಒಬ್ಬ ಓದುಗ, ಮೈಸೂರು