ತೆಂಗು ಬೆಳೆಯುವ ಕಡೆ ಹಿಮನದಿ ಎಲ್ಲಿಂದ ಬಂತು?

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಒಳಪುಟದಲ್ಲಿ ‘ಹಿಮ ಕರಗಿದರೆ ಸಿಡಿಯಲಿವೆ ಜ್ವಾಲಾಮುಖಿಗಳು!’ ಎಂಬ ಸುದ್ದಿ ಬಂದಿತ್ತು. ಸುದ್ದಿ ಸುಳ್ಳಲ್ಲ. ಆದರೆ ಹೇಳಬೇಕಾದದ್ದನ್ನೇ ಬಿಟ್ಟಿದ್ದೀರಿ. ಜೊತೆಗಿದ್ದ ಫೋಟೋದಲ್ಲಿ ಲಾವಾ ಹರಿಯುತ್ತಿತ್ತು, ಅದರ ಮುಂದೆ ಸಾಲಾಗಿ ತೆಂಗಿನ ಮರ! ತೆಂಗು ಬೆಳೆಯುವ ಕಡೆ ಹಿಮನದಿ ಎಲ್ಲಿಂದ ಬರಬೇಕು ಸ್ವಾಮಿ?

ಕೇಶ್ವಾಪುರದಲ್ಲಿ ನಾವು ನಾಲ್ಕೈದು ನಿವೃತ್ತರು ಚಹಾ ಕುಡಿಯುತ್ತಾ ಪೇಪರ್ ಓದುತ್ತೇವೆ. ಅವತ್ತು ಒಬ್ಬರು ಕೇಳಿದರು: ‘ಐಸ್ ಕರಗಿ ನೀರಾದ್ರ ಬೆಂಕಿ ಆರಬೇಕಲ್ರೀ, ಇದು ಹೆಂಗ ಜಾಸ್ತಿ ಆಗತೈತಿ?’ ನ್ಯಾಯವಾದ ಪ್ರಶ್ನೆ. ನಿಮ್ಮ ವರದಿಯಲ್ಲಿ ಇದಕ್ಕೆ ಉತ್ತರವಿಲ್ಲ.

ಇದು ನೀರಿನ ಮಾತಲ್ಲ, ಭಾರದ ಮಾತು. ನಾನು ರೈಲ್ವೆ ವರ್ಕ್‌ಶಾಪಿನಲ್ಲಿ ಉಗಿ ಎಂಜಿನ್ನುಗಳ ಬಾಯ್ಲರ್ ಕೆಲಸ ಮಾಡಿದವನು. ಬಾಯ್ಲರ್ ಒಳಗಿನ ನೀರು ಇನ್ನೂರು ಡಿಗ್ರಿ ಹತ್ತಿರ ಕಾದರೂ ನೀರಾಗಿಯೇ ಇರುತ್ತದೆ. ಕಾರಣ ಪ್ರೆಶರ್. ಎಲ್ಲೋ ಒಂದು ಪ್ಲೇಟ್ ಬಾಯಿಬಿಟ್ಟು ಪ್ರೆಶರ್ ಇಳಿಯಿತೋ, ಒಂದು ಸಲಿಕೆ ಕಲ್ಲಿದ್ದಲು ಜಾಸ್ತಿ ಹಾಕದಿದ್ದರೂ ಆ ನೀರು ಒಮ್ಮೆಲೇ ಉಗಿಯಾಗಿ ನುಗ್ಗುತ್ತದೆ. ಅದಕ್ಕೇ ಒಳಗಿನ ಸ್ಟೇಗಳನ್ನು (ಪ್ಲೇಟುಗಳನ್ನು ಬಿಗಿಹಿಡಿಯುವ ಸರಳುಗಳು) ಒಂದೊಂದಾಗಿ ಸಣ್ಣ ಸುತ್ತಿಗೆಯಿಂದ ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದೆವು. ಗಟ್ಟಿ ಇದ್ದದ್ದು ಠಣ್ ಅನ್ನುತ್ತಿತ್ತು, ತುಂಡಾದದ್ದು ಬೇರೆಯೇ ಮಂಕು ಸದ್ದು.

ಭೂಮಿಯ ಆಳದ ಬಂಡೆಯೂ ಹಾಗೇ. 1300 ಡಿಗ್ರಿ ಆಸುಪಾಸು ಕಾದಿದ್ದರೂ ಮೇಲಿನ ಒತ್ತಡಕ್ಕೆ ಕರಗದೆ ಗಟ್ಟಿಯಾಗಿ ಕೂತಿರುತ್ತದೆ. ಒಂದು ಕಿಲೋಮೀಟರ್ ದಪ್ಪದ ಹಿಮ ಅಂದರೆ ಪ್ರತಿ ಚದರ ಮೀಟರಿಗೆ ಸುಮಾರು 900 ಟನ್ ಭಾರ. ಅದು ಕರಗಿ ಸಮುದ್ರಕ್ಕೆ ಹೋದರೆ ಒತ್ತಡ ಇಳಿಯುತ್ತದೆ, ಆಳದಲ್ಲಿ ಬಂಡೆ ಇನ್ನೊಂದಿಷ್ಟು ಕರಗಿ ಶಿಲಾಪಾಕವಾಗುತ್ತದೆ. ಅದೇ ಮೇಲೆ ಬಂದರೆ ಲಾವಾ.

ಐಸ್‌ಲ್ಯಾಂಡಿನಲ್ಲಿ ಇದು ಹಿಂದೆ ನಡೆದೇ ಇದೆ. ಸುಮಾರು 10-12 ಸಾವಿರ ವರ್ಷಗಳ ಹಿಂದೆ ಹಿಮಯುಗ ಮುಗಿದು ದಪ್ಪ ಹಿಮ ಕರಗಿದಾಗ, ಅಲ್ಲಿ ಹೊರಬಂದ ಲಾವಾ ಈಗಿನದಕ್ಕಿಂತ 20-30 ಪಟ್ಟು ಜಾಸ್ತಿ ಎಂದು ಭೂವಿಜ್ಞಾನಿಗಳ ಅಂದಾಜು. ಈಗಲೂ ಅಲ್ಲಿನ ದೊಡ್ಡ ಹಿಮರಾಶಿ ವಾತ್ನಾಯೋಕುಲ್ ಕರಗುತ್ತಾ ಇದೆ. ಭಾರ ಇಳಿದು ಅದರ ಸುತ್ತಲ ನೆಲ ಕೆಲವೆಡೆ ವರ್ಷಕ್ಕೆ 3 ಸೆಂಟಿಮೀಟರ್‌ವರೆಗೂ ಮೇಲೇಳುತ್ತಿದೆ. ಹತ್ತಿರದ ಹೋಫ್ನ್ ಎಂಬ ಊರಿನ ಮೀನುಗಾರರಿಗೆ ಬಂದರಿನ ಆಳ ಕಡಿಮೆಯಾಗುವ ಚಿಂತೆ. ನಮ್ಮ ಕಾರವಾರದವರಿಗೆ ಸಮುದ್ರ ಏರುವ ಭಯ, ಅವರಿಗೆ ಇದು!

ಆದರೆ ಆಳದಲ್ಲಿ ಕರಗಿದ್ದು ನಾಳೆಯೇ ಮೇಲೆ ಬರುವುದಿಲ್ಲ. ದಶಕಗಳು, ಶತಮಾನಗಳೇ ಹಿಡಿಯಬಹುದು. ಎಷ್ಟೋ ಪಾಲು ದಾರಿಯಲ್ಲೇ ತಣ್ಣಗಾಗಿ ಕಲ್ಲಾಗುತ್ತದೆ. ಈ ಒಂದು ಮಾತನ್ನು ನೀವು ಬರೆದಿದ್ದರೆ ಗದಗಿನ ನಮ್ಮ ಬೀಗರು ಫೋನ್ ಮಾಡಿ ‘ಕಪ್ಪತಗುಡ್ಡಕ್ಕೂ ಏನರ ಆಗತೈತೇನ್ರಿ?’ ಅಂತ ಕೇಳುತ್ತಿರಲಿಲ್ಲ. ಅಲ್ಲಿರುವ ಲಾವಾ ಕಲ್ಲು 250 ಕೋಟಿ ವರ್ಷಕ್ಕೂ ಹಳೆಯದು. ಸುಮ್ನೆ ಮಲಗಿ ಅಂದೆ.

2010ರಲ್ಲಿ ಐಸ್‌ಲ್ಯಾಂಡಿನಲ್ಲೇ ಆದ ಎಯಾಫ್ಯಾಟ್ಲಯೋಕುಲ್ ಜ್ವಾಲಾಮುಖಿಯ ಸ್ಫೋಟವನ್ನೂ (ಹೆಸರು ಬರೆಯುವುದೇ ಒಂದು ಸಾಹಸ) ನೀವು ಇದೇ ಲೆಕ್ಕಕ್ಕೆ ಸೇರಿಸಿದ್ದೀರಿ. ಹಿಮ ಕರಗಿದ್ದರಿಂದಲೇ ಅದು ಸಿಡಿಯಿತು ಎಂದು ಯಾರೂ ತೋರಿಸಿಕೊಟ್ಟಿಲ್ಲ. ಅಲ್ಲಿ ಆದದ್ದು ಬೇರೆ. ಮೇಲಿದ್ದ ಹಿಮದ ನೀರು ಬಿಸಿ ಶಿಲಾಪಾಕಕ್ಕೆ ತಾಗಿ, ಅದು ಪುಡಿಪುಡಿಯಾಗಿ ನುಣ್ಣನೆಯ ಬೂದಿ ಎದ್ದಿತು. ಯುರೋಪಿನ ವಿಮಾನಗಳು ದಿನಗಟ್ಟಲೆ ನಿಂತು, ನಮ್ಮ ನೆಂಟರ ಹುಡುಗ ಫ್ರಾಂಕ್‌ಫರ್ಟಿನಲ್ಲಿ ಸಿಕ್ಕಿಬಿದ್ದಿದ್ದ.

ಹೆದರಿಸಲೇಬೇಕೆಂದಿದ್ದರೆ ಕೊಲಂಬಿಯಾದ ನೆವಾಡೊ ಡೆಲ್ ರೂಯಿಸ್ ಜ್ವಾಲಾಮುಖಿಯ ಬಗ್ಗೆ ಬರೆಯಬಹುದಿತ್ತು. 1985ರ ನವೆಂಬರ್ 13ರಂದು ಅದು ಸಿಡಿದದ್ದು ಅಂಥಾ ದೊಡ್ಡದಾಗೇನಲ್ಲ. ಆದರೆ ತಲೆಯ ಮೇಲಿನ ಹಿಮದ ಒಂದು ಪಾಲು ಕರಗಿ, ಕೆಸರಿನ ಪ್ರವಾಹವಾಗಿ ಕಣಿವೆಯಲ್ಲಿ ಇಳಿದು, ರಾತ್ರಿ ಆರ್ಮೆರೊ ಪಟ್ಟಣವನ್ನು ಮುಚ್ಚಿತು. ಒಟ್ಟು ಸತ್ತವರು ಸುಮಾರು 23 ಸಾವಿರ. ಯಾವ ಕಣಿವೆಗೆ ಅಪಾಯ ಎಂದು ತೋರಿಸುವ ನಕ್ಷೆ ಅದಕ್ಕೂ ಮೊದಲೇ ತಯಾರಾಗಿತ್ತು. ಮುಂದಿನ ಸಲ ಆ ತೆಂಗಿನ ಮರದ ಬದಲು ಅಂಥದ್ದೊಂದು ನಕ್ಷೆ ಅಚ್ಚು ಹಾಕಿ.

– ಒಬ್ಬ ನಿವೃತ್ತ ಬಾಯ್ಲರ್ ಫಿಟ್ಟರ್, ಕೇಶ್ವಾಪುರ, ಹುಬ್ಬಳ್ಳಿ